ಬಿಚ್ಚದ ದೋಣಿ

ಕೆಂಚನಗುಡ್ಡ
೧೯ ಆಗಸ್ಟ್ ೨೦೨೪

ಅಪ್ಪಾ,

ನಾನು ಫೋನು ಎತ್ತುತ್ತಿಲ್ಲವೆಂದು ಅವ್ವನ ಮುಂದೆ ಹೇಳಿಕೊಂಡಿದ್ದೀಯಂತೆ. ಅವ್ವನ ಫೋನು ಎತ್ತುತ್ತೇನೆ, ನಿನ್ನದು ಎತ್ತುವುದಿಲ್ಲ. ಎತ್ತಿದರೆ ನೀನು ಮೊದಲು "ಉಂಡಿ ಏನವ್ವಾ" ಎನ್ನುತ್ತೀ, ನಾನು ಹೂಂ ಎನ್ನುತ್ತೇನೆ, ಆಮೇಲೆ ಏನೂ ಆಗದವರ ಹಾಗೆ ಇಬ್ಬರೂ ಮಳೆಯ ಮಾತಾಡುತ್ತೇವೆ. ಅದು ನನಗೆ ಬೇಡ. ಅದಕ್ಕೇ ಬರೆಯುತ್ತಿದ್ದೇನೆ.

ಖುಶನುಮಾ ಇನ್ನೂ ನವನಗರದ ದವಾಖಾನೆಯಲ್ಲಿದ್ದಾಳೆ. ಬದುಕಿದ್ದಾಳೆ. ಕೂಸು ಹೆಣ್ಣು. ಅದು ಅಳಲೇ ಇಲ್ಲ.

ಆ ದಿನ ಏನಾಯಿತೆಂದು ನೀನು ಯಾರ ಯಾರ ಬಾಯಿಂದಲೋ ಕೇಳಿರುತ್ತೀ. ನನ್ನಿಂದಲೂ ಕೇಳು. ಅವಳ ಗಂಡ ದಾವಲಸಾಬ ಇಳಕಲ್ಲಿನ ಗ್ರಾನೈಟ್ ಗಣಿಯಲ್ಲಿ ಕೆಲಸದ ಮೇಲಿದ್ದ. ಅವಳ ಅತ್ತೆ ಓಡಿಬಂದು, ಹೆರಿಗೆ ಬ್ಯಾನಿ ಎದ್ದಿದೆಯೆಂದು ನನ್ನನ್ನು ಕರೆದಳು. ನಾನು ಹೋಗುವಷ್ಟರಲ್ಲಿ ಹಾಸಿಗೆ ತುಂಬ ರಕ್ತ. ಇದು ಹಳ್ಳಿಯ ನರ್ಸಿನ ಕೈಯಲ್ಲಿ ಆಗುವ ಕೆಲಸವಲ್ಲ, ಆಪರೇಶನ್ನೇ ಆಗಬೇಕೆಂದು ನೋಡಿದ ಕೂಡಲೇ ಗೊತ್ತಾಯಿತು. ನಮ್ಮ ಆರೋಗ್ಯ ಕೇಂದ್ರದ ಆಂಬುಲೆನ್ಸು ಕೆಟ್ಟು ನಿಂತು ತಿಂಗಳಾಗಿತ್ತು. ರಸ್ತೆಯಿಂದ ಹೋದರೆ ಹಿನ್ನೀರನ್ನೆಲ್ಲ ಸುತ್ತು ಹಾಕಿ, ಸೇತುವೆ ಹಾಯ್ದು, ಎರಡು ತಾಸು. ದೋಣಿಯಲ್ಲಾದರೆ ಅರ್ಧ ತಾಸಿಗೆ ನಮ್ಮ ತಳಗೇರಿ, ಅಲ್ಲಿಂದ ನವನಗರ ಎಷ್ಟರದು. ಇದನ್ನೆಲ್ಲ ನಿನಗೆ ಫೋನಿನಲ್ಲಿ ಹೇಳಿದೆ. ಗಾಡಿ ಇಲ್ಲವೆಂದೂ ಹೇಳಿದೆ. ನೀನು, "ಇವತ್ತ ಆಗೂದಿಲ್ಲವ್ವ, ಬಂದ್ ಐತಿ. ಟ್ರ್ಯಾಕ್ಟರ್ ನೋಡ್ರಿ" ಅಂದೆ.

ನಾನು ಅದನ್ನು ನಂಬಲಿಲ್ಲ. ಜನರೆದುರು ಹಾಗೆ ಅಂದಿದ್ದಾನೆ, ನಾವು ದಂಡೆಗೆ ಬಂದು ನಿಂತದ್ದು ಕಂಡರೆ ಬಿಚ್ಚಿಯೇ ಬಿಚ್ಚುತ್ತಾನೆ ಅಂದುಕೊಂಡೆ. ಹೊರಸಿನ ಮೇಲೆ ಅವಳನ್ನು ಹೊರಿಸಿಕೊಂಡು ನೀರಿನವರೆಗೆ ತಂದೆವು. ಆಚೆ ನಿಮ್ಮ ದೋಣಿಗಳೆಲ್ಲ ಸಾಲಾಗಿ ಕಟ್ಟಿದ್ದು ಕಾಣುತ್ತಿತ್ತು. ಅತ್ತೆ ಮತ್ತೆ ಮತ್ತೆ ಕೇಳುತ್ತಿದ್ದಳು. "ನಮ್ಮಪ್ಪ ಬರ್ತಾನ" ಎಂದು ನಾನು ಅವಳಿಗೆ ಹೇಳಿದೆ. ಒಮ್ಮೆ ಅಲ್ಲ, ಹಲವು ಸಲ ಹೇಳಿದೆ. ಕೊನೆಗೆ ಯಾರೋ ಟ್ರ್ಯಾಕ್ಟರ್ ತಂದರು. ಆ ದಂಡೆಯಲ್ಲಿ ಕಾಯುತ್ತ ಕಳೆದ ಹೊತ್ತು ನಿನ್ನದಲ್ಲ, ನನ್ನದು. ನಾನು ನಿನ್ನನ್ನು ನಂಬಿದ ಹೊತ್ತು ಅದು.

ಈಗ ಈ ಊರಿನಲ್ಲಿ ಯಾರೂ ನನ್ನನ್ನು ಏನೂ ಅನ್ನುವುದಿಲ್ಲ. ಸಿಸ್ಟರ್ ಎಂದೇ ಕರೆಯುತ್ತಾರೆ. ನಾನೇ ತಲೆ ತಗ್ಗಿಸಿಕೊಂಡು ಓಡಾಡುತ್ತಿದ್ದೇನೆ.

ಸುರೇಖಾ


ತಳಗೇರಿ
೨೭ ಆಗಸ್ಟ್ ೨೦೨೪

ಚಿರಂಜೀವಿ ಸುರೇಖಾ,

ನಿನ್ನ ಪತ್ರ ಮುಟ್ಟಿತು. ಯಾರದೆಂದು ನಿನ್ನ ಅವ್ವ ಕೇಳಿದಳು. ಸಂಘದ್ದು ಎಂದೆ.

ನೀನು ಬರೆದದ್ದರಲ್ಲಿ ತಪ್ಪೇನೂ ಇಲ್ಲ. ಆದರೂ ಅಂದು ನನ್ನ ತಲೆಯಲ್ಲಿ ಏನಿತ್ತೆಂದು ನಿನಗೆ ಹೇಳಬೇಕು. ಹೊಸ ಮಸೂದೆ ಬಂದರೆ ಏನಾಗುತ್ತದೆಂದು ನಿನಗೆ ಗೊತ್ತು, ನೀನೇ ನಮಗೆ ಓದಿ ಹೇಳಿದ್ದೆ. ಹುಟ್ಟು ಹಾಕುವ ಕಟ್ಟಿಗೆ ದೋಣಿಯಲ್ಲಿ ಜನರನ್ನು ಕೂರಿಸುವಂತಿಲ್ಲ. ಇಂಜಿನ್ ಬೋಟು ಬೇಕು, ನೋಂದಣಿ ಬೇಕು, ವಿಮೆ ಬೇಕು, ಪರೀಕ್ಷೆ ಪಾಸಾದ ಚಾಲಕ ಬೇಕು. ಊರೂರಿನ ದೋಣಿ ಕಡವನ್ನು ಟೆಂಡರಿಗೆ ಇಡುತ್ತಾರೆ. ಟೆಂಡರು ಹಿಡಿಯುವವನು ನಮ್ಮ ಅಂಬಿಗರವನಾಗಿರುವುದಿಲ್ಲ. ಮುಳುಗಡೆಯಲ್ಲಿ ಹೊಲ ಹೋದವು, ಮನೆ ಹೋದವು. ಆ ಹೊಲಗಳ ಮೇಲೆ ನಿಂತ ನೀರೊಂದೇ ನಮಗೆ ಉಳಿದದ್ದು. ಅದರ ಮೇಲೂ ಬೇರೆಯವರ ಹೆಸರು ಬೀಳುವುದಾದರೆ ನಾವು ಎಲ್ಲಿಗೆ ಹೋಗಬೇಕು?

ಅದಕ್ಕೇ ಬಂದ್ ಕರೆದೆವು. ಮೂರು ದಿನ ಒಂದು ದೋಣಿಯನ್ನೂ ಬಿಚ್ಚಬಾರದೆಂದು ಹೊಳೆತಾಯಿ ಗಂಗವ್ವನ ಮೇಲೆ ಆಣೆ ಹಾಕಿಸಿದವನು ನಾನೇ, ಸಂಘದ ಅಧ್ಯಕ್ಷ. ನಿನ್ನ ಫೋನು ಬರುವ ಹಿಂದಿನ ದಿನ ನಮ್ಮ ಸಂಘದ ನೀಲಪ್ಪ ತನ್ನ ದೋಣಿಯ ಹತ್ತಿರ ಬಂದಿದ್ದ. ಆಚೆ ಊರಿನಲ್ಲಿ ಅವನ ಸೋದರಮಾವ ತೀರಿಕೊಂಡಿದ್ದ, ಮಣ್ಣಿಗೆ ಹೋಗಬೇಕಿತ್ತು. ಎಲ್ಲರೆದುರು ನಾನು ಅವನ ಕೈಯಿಂದ ಹಗ್ಗ ಕಸಿದುಕೊಂಡೆ. "ಇವತ್ತ ನಿಂದು ಬಿಚ್ಚಿದ್ರ ನಾಳೆ ಎಲ್ಲಾರದೂ ಬಿಚ್ಚತಾವು" ಅಂದೆ. ಅವನು ಅತ್ತುಕೊಂಡು ಮನೆಗೆ ಹೋದ. ಮರುದಿನ ನನ್ನ ಮಗಳು ಕರೆದಳೆಂದು ನಾನೇ ಬಿಚ್ಚಿದರೆ ನೀಲಪ್ಪನ ಮುಖ ಹೇಗೆ ನೋಡಲಿ? ಆ ಗಳಿಗೆಯಲ್ಲಿ ನಾನು ನೋಡಿದ್ದು ಆ ಮುಖವೊಂದನ್ನೇ. ಟ್ರ್ಯಾಕ್ಟರ್ ಸಿಗುತ್ತದೆ, ಏನೂ ಆಗುವುದಿಲ್ಲ ಎಂದು ನನಗೆ ನಾನೇ ಹೇಳಿಕೊಂಡೆ.

ಇನ್ನೊಂದು ಮಾತಿದೆ. ಬರೆಯಲು ಕೈ ಬರುತ್ತಿಲ್ಲ. ಮಸೂದೆಯ ಮೇಲೆ ನಮ್ಮ ಆಕ್ಷೇಪಣೆ ಕೇಳಲು ನವನಗರದಲ್ಲಿ ಸರಕಾರದವರು ಸಭೆ ಇಟ್ಟಿದ್ದಾರೆ. ಖುಶನುಮಾಳಿಗೆ ಹಾಗಾದ ದಿನದ ಬಗ್ಗೆ ನಿನ್ನಿಂದ ವರದಿ ತರಿಸಿಕೊಳ್ಳುತ್ತಾರಂತೆ. ನಿನ್ನೆ ಸಂಘದವರು ನಮ್ಮ ಕಟ್ಟೆಯ ಮೇಲೆ ಬಂದು ಕೂತರು. ಫೋನು ಬಂದಾಗ ಕತ್ತಲಾಗಿತ್ತು ಎಂದು ನೀನು ಬರೆದರೆ ಸಾಕು ಎನ್ನುತ್ತಾರೆ. ಕತ್ತಲಲ್ಲಿ ಯಾರೂ ದೋಣಿ ಬಿಡುವುದಿಲ್ಲವೆಂಬುದು ಎಲ್ಲರಿಗೂ ಗೊತ್ತು. ಅಷ್ಟರಿಂದ ನಲವತ್ತು ಮನೆಗಳ ಮೇಲಿನ ಅಪವಾದ ತಪ್ಪುತ್ತದೆ. ನೀನು ವಿಚಾರ ಮಾಡು. ಒತ್ತಾಯವಿಲ್ಲ.

ಅವ್ವ ರೊಟ್ಟಿಗೆಂದು ಶೇಂಗಾ ಹಿಂಡಿ ಕಳಿಸಿದ್ದಾಳೆ. ದೋಣಿಯಲ್ಲಿ ಬರುತ್ತದೆ, ಇಸಿದುಕೋ.

ನಿನ್ನ ಅಪ್ಪ,
ಹೊಳಬಸಪ್ಪ


ಕೆಂಚನಗುಡ್ಡ
೨ ಸೆಪ್ಟೆಂಬರ್ ೨೦೨೪

ಅಪ್ಪಾ,

ಫೋನು ಮಾಡಿದಾಗ ಸಂಜೆ ನಾಲ್ಕು ಗಂಟೆ. ಬಿಸಿಲಿತ್ತು. ನೀರಿನ ಮೇಲಿನ ಬಿಸಿಲು ಕಣ್ಣಿಗೆ ಕುಕ್ಕುತ್ತಿತ್ತು.

ಖುಶನುಮಾ ಮನೆಗೆ ಬಂದಿದ್ದಾಳೆ. ಅಂದು ಕತ್ತಲಾಗಿತ್ತೇ ಎಂದು ಬೇಕಾದರೆ ಅವಳನ್ನೇ ಬಂದು ಕೇಳು.

ಹಿಂಡಿ ಮುಟ್ಟಿತು.

ಸುರೇಖಾ


ತಳಗೇರಿ
೩೦ ಸೆಪ್ಟೆಂಬರ್ ೨೦೨೪

ಚಿರಂಜೀವಿ ಸುರೇಖಾ,

ನೀನು ಹೇಳಿದ ಹಾಗೆ ಹೋಗಿಬಂದೆ. ನೀನು ಸಿಟ್ಟಿನಲ್ಲಿ ಬರೆದಿದ್ದೆ, ನಾನು ನಿಜಕ್ಕೂ ಹೋಗುತ್ತೇನೆಂದು ನಿನಗೆ ಅನ್ನಿಸಿರಲಿಕ್ಕಿಲ್ಲ. ನನಗೂ ಅನ್ನಿಸಿರಲಿಲ್ಲ. ಮೂರು ಸಲ ಆ ದಂಡೆಗೆ ಜನರನ್ನು ಇಳಿಸಿ, ನಾನು ಇಳಿಯದೆ ತಿರುಗಿ ಬಂದೆ. ನಾಲ್ಕನೆಯ ಸಲ ಇಳಿದೆ.

ಖುಶನುಮಾಳ ಅತ್ತೆ ಕುರ್ಚಿ ಹಾಕಿದಳು. ದಾವಲಸಾಬ ಗಣಿಯ ಕೆಲಸಕ್ಕೆ ಹೋಗುವುದನ್ನು ಬಿಟ್ಟು ಮನೆಯಲ್ಲೇ ಇದ್ದ. ಅವನು ನನ್ನನ್ನು ನೋಡಿ ಎದ್ದು ನಿಂತ, ಚಿಕ್ಕವನಿದ್ದಾಗ ನನ್ನ ದೋಣಿಯಲ್ಲಿ ಸಾಲೆಗೆ ಹೋಗಿಬರುತ್ತಿದ್ದವನು. ಬೈಯುತ್ತಾನೆಂದುಕೊಂಡೆ. ಚಹಾ ಇಡಲು ಒಳಗೆ ಹೋದ. ಖುಶನುಮಾ ಗೋಡೆಗೆ ಆತು ಕೂತಿದ್ದಳು. ಭಾಳ ಸೊರಗಿದ್ದಾಳೆ. ನಾನು ಏನು ಹೇಳಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಹೋಗಿದ್ದೆ. ನಾನು ಬಾಯಿ ತೆರೆಯುವ ಮೊದಲೇ ಅವಳು ಕೇಳಿದಳು.

"ಕಾಕಾ, ಅವತ್ತ ನೀವು ಮನ್ಯಾಗ ಇದ್ರ್ಯೋ, ದಂಡಿಮ್ಯಾಗ ಇದ್ರ್ಯೋ?"

"ದಂಡಿಮ್ಯಾಗ ಇದ್ದೆ" ಎಂದೆ.

"ನಾವು ಕಾಣತಿದ್ವಿ?"

ಇಲ್ಲ ಎನ್ನಬಹುದಾಗಿತ್ತು. ನೀರಿನ ಮೇಲೆ ಅಷ್ಟು ದೂರ ಯಾರು ಲೆಕ್ಕ ಹಾಕುತ್ತಾರೆ. ಕಾಣುತ್ತಿದ್ದಿರಿ ಎಂದೆ.

ಅವಳು ಬಾಗಿಲ ಕಡೆ ನೋಡಿ, "ನಮ್ಮತ್ತಿ ಇಷ್ಟ ದಿನಾ ಅಂತಿದ್ಲು, ಅಷ್ಟ ದೂರದ್ದು ಅವ್ರಿಗೆ ಕಂಡಿರಾಕಿಲ್ಲ, ಕಂಡಿದ್ರ ಬರತಿದ್ರು ಅಂತ" ಎಂದಳು. ಅತ್ತೆ ಬಾಗಿಲಲ್ಲೇ ನಿಂತಿದ್ದಳು. ಅವಳು ನನ್ನನ್ನು ನೋಡಲಿಲ್ಲ, ಸೆರಗು ಸರಿಮಾಡಿಕೊಂಡು ಒಳಗೆ ಹೋದಳು.

ದಾವಲಸಾಬ ಚಹಾ ತಂದ. ಕುಡಿದೆ. ಬೇಡವೆನ್ನುವ ಮುಖ ನನಗೆಲ್ಲಿತ್ತು?

ಬರುವಾಗ ನಿನ್ನ ಕ್ವಾರ್ಟರ್ಸಿನ ಮುಂದಿನಿಂದಲೇ ಬಂದೆ. ಬಾಗಿಲು ತೆರೆದಿತ್ತು. ಯಾರಿಗೋ ಗುಳಿಗೆ ಹೇಗೆ ತೆಗೆದುಕೊಳ್ಳಬೇಕೆಂದು ನೀನು ಹೇಳುತ್ತಿದ್ದೆ. ನಿಲ್ಲಲಿಲ್ಲ.

ಕತ್ತಲಾಗಿತ್ತೆಂದು ಬರೆ ಎಂದು ನಾನು ಹೇಳಿದ್ದನ್ನು ಮರೆತುಬಿಡು ಎನ್ನಲಾರೆ, ಅದು ನನ್ನ ಅಕ್ಷರದಲ್ಲೇ ನಿನ್ನ ಹತ್ತಿರ ಇದೆ. ನಾಲ್ಕು ಗಂಟೆ ಎಂದೇ ಬರೆ. ನನ್ನ ಹೆಸರನ್ನೂ ಬರೆ. ಸಂಘದವರಿಗೆ ನಾನು ಹೇಳಿಕೊಳ್ಳುತ್ತೇನೆ.

ನಿನ್ನ ಅಪ್ಪ


ಕೆಂಚನಗುಡ್ಡ
೧೨ ಅಕ್ಟೋಬರ್ ೨೦೨೪

ಅಪ್ಪಾ,

ನೀನು ಅಂದು ಹಾಯ್ದು ಹೋದದ್ದು ನನಗೆ ಕಂಡಿತ್ತು. ನಾನೂ ಕರೆಯಲಿಲ್ಲ.

ಖುಶನುಮಾ ನೀನು ಬಂದಿದ್ದ ಸುದ್ದಿ ಹೇಳಿದಳು. ಒಳ್ಳೆಯದೆಂದೂ ಹೇಳಲಿಲ್ಲ, ಕೆಟ್ಟದ್ದೆಂದೂ ಹೇಳಲಿಲ್ಲ. "ಕಾಕಾ ಬಂದಿದ್ರು" ಅಂದಳು, ಅಷ್ಟೇ. ಅತ್ತೆ ಈಗ ಯಾರ ಮುಂದೆಯೂ ಆ ಮಾತು ತೆಗೆಯುವುದಿಲ್ಲ.

ವರದಿ ಕೊಟ್ಟಿದ್ದೇನೆ. ನಮ್ಮ ಕೇಂದ್ರದ ಡಾಕ್ಟರ್ ಸಾಹೇಬರು ಎರಡು ಸಲ ಓದಿ, ಒಂದು ಕಡೆ ತಿದ್ದಿಸಿ, ಸಹಿ ತೆಗೆದುಕೊಂಡರು. ನಾಲ್ಕು ಗಂಟೆ ಎಂದಿದೆ. ನಿನ್ನ ಹೆಸರಿದೆ. ಅದರಲ್ಲಿ ಸುಳ್ಳು ಒಂದೂ ಇಲ್ಲ.

ಸಭೆಯಲ್ಲಿ ಏನಾಯಿತೆಂದು ಬರೆ.

ಸುರೇಖಾ


ತಳಗೇರಿ
೨೯ ಅಕ್ಟೋಬರ್ ೨೦೨೪

ಚಿರಂಜೀವಿ ಸುರೇಖಾ,

ಸಭೆ ಮುಗಿಯಿತು. ನನ್ನ ಅಧ್ಯಕ್ಷಗಿರಿಯೂ ಮುಗಿಯಿತು. ಮೊದಲಿನಿಂದ ಹೇಳುತ್ತೇನೆ.

ಬೀಳಗಿ ಕಡೆಯವರು, ಹುನಗುಂದ ಕಡೆಯವರು, ಎಲ್ಲ ಕಡವಿನ ಅಂಬಿಗರೂ ಬಂದಿದ್ದರು. ಕುರ್ಚಿ ಸಾಲದೆ ಗೋಡೆಗುಂಟ ನಿಂತಿದ್ದರು. ನಾನು ಆಡಬೇಕಾದ ಭಾಷಣವನ್ನು ಸಂಘದವರು ಬರೆಸಿ ನನ್ನ ಜೇಬಿನಲ್ಲಿಟ್ಟಿದ್ದರು. ಚಲೋ ಬರೆದಿದ್ದರು. ಬಡವನ ದೋಣಿಗೆ ವಿಮೆ ಎಲ್ಲಿಂದ, ಇಂಜಿನ್ ಬೋಟು ಬಾರದ ಊರುಗಳು ಎಷ್ಟು, ಕಟ್ಟಿಗೆ ದೋಣಿ ನಿಂತರೆ ಹೊಳೆಯಾಚೆಯ ಹೊಲಕ್ಕೆ ಹೆಣ್ಣುಮಕ್ಕಳು ಹೇಗೆ ಹೋಗಬೇಕು, ಎಲ್ಲ ಅದರಲ್ಲಿತ್ತು.

ನಮ್ಮ ಸರದಿ ಬರುವ ಮೊದಲೇ ಸಭೆ ನಡೆಸುವ ಸಾಹೇಬರು ನಿನ್ನ ವರದಿಯನ್ನು ಓದಿಸಿದರು. ಪೂರ್ತಿ ಓದಿಸಿದರು. ನಾನು ಕೇಳಿಸಿಕೊಂಡೆ. ಓದಿ ಮುಗಿದ ಮೇಲೆ ಗಲಾಟೆಯಾಗುತ್ತದೆಂದುಕೊಂಡಿದ್ದೆ, ಆಗಲಿಲ್ಲ. ಆಮೇಲೆ ನನ್ನ ಹೆಸರು ಕರೆದರು.

ನಾನು ಜೇಬಿಗೆ ಕೈ ಹಾಕಲಿಲ್ಲ. "ಆ ಹೊಳಬಸಪ್ಪ ನಾನ ರೀ. ಫೋನ್ ಬಂದಿತ್ತು. ಬಿಸಲಿತ್ತು. ಅವರು ಕಾಣತಿದ್ರು. ನಾ ಹೋಗಲಿಲ್ಲ" ಅಂದೆ.

ಸಾಹೇಬರು ಒಳ್ಳೆಯವರೇ. ನಾನು ಮುಂದೆ ಏನಾದರೂ ಹೇಳುತ್ತೇನೆಂದು ಕಾದರು. ನಂತರ ಇದು ಮಸೂದೆಯ ಯಾವ ಕಲಮಿಗೆ ಆಕ್ಷೇಪಣೆ ಎಂದು ಕೇಳಿದರು. ಯಾವುದಕ್ಕೂ ಅಲ್ಲ ಎಂದೆ. ಹಾಗಿದ್ದರೆ ಬರೆದುಕೊಳ್ಳಲು ಬರುವುದಿಲ್ಲ, ಕೂತುಕೊಳ್ಳಿ ಎಂದರು. ಬರೆದುಕೊಳ್ಳುವವನು ಪೆನ್ನು ಕೆಳಗಿಟ್ಟ. ಸುರೇಖಾ, ಇಷ್ಟು ದಿನ ಹೊತ್ತು ತಿರುಗಿದ್ದನ್ನು ನಾಲ್ಕು ಜನರ ಮುಂದೆ ಇಳಿಸಬೇಕೆಂದರೆ ಇಳಿಸಲಿಕ್ಕೆ ಅಲ್ಲಿ ಜಾಗವೇ ಇರಲಿಲ್ಲ.

"ಹಂಗಾರ ಒಂದ ಕಲಮು ಹೆಚ್ಚಿಗಿ ಹಾಕ್ರಿ" ಅಂದೆ. "ಬಂದ್ ಇರಲಿ ಬಿಡಲಿ, ಬ್ಯಾನಿ ತಿನ್ನೂ ಮನಷ್ಯಾನ್ನ ದಾಟ್ಸೂದಿಲ್ಲ ಅಂದ ಅಂಬಿಗ ಮತ್ತ ಹುಟ್ಟ ಹಿಡೀಬಾರದು. ಮೊದಲ ನನ್ನ ಮ್ಯಾಲ ಹಾಕ್ರಿ."

ಆಗ ಗಲಾಟೆಯಾಯಿತು. ಸಾಹೇಬರದಲ್ಲ, ನಮ್ಮವರದು. ಬೀಳಗಿಯ ಮುದುಕನೊಬ್ಬ ನನ್ನ ಅಂಗಿ ಹಿಡಿದು ಕೂರಿಸಿದ. ಅಷ್ಟರಲ್ಲಿ ನಮ್ಮ ಕಡವಿನ ಹೊತ್ತು ಮುಗಿಯಿತೆಂದು ಮುಂದಿನವರನ್ನು ಕರೆದರು. ಜೇಬಿನ ಭಾಷಣ ಜೇಬಿನಲ್ಲೇ ಉಳಿಯಿತು.

ತಿರುಗಿ ಬರುವಾಗ ಟಂಟಂನಲ್ಲಿ ನನ್ನ ಪಕ್ಕದಲ್ಲಿ ಯಾರೂ ಕೂರಲಿಲ್ಲ. ಮರುದಿನ ಸಂಘದ ಸಭೆ ಸೇರಿತು. ನೀಲಪ್ಪ ಸಿಟ್ಟಿಲ್ಲದೆ ಹೇಳಿದ, "ಕಾಕಾ, ತಪ್ಪ ನೀವ ಮಾಡಿದ್ರಿ, ಶಿಕ್ಷಾ ನಮಗೆಲ್ಲಾ ಬೇಡಿದ್ರಿ." ಅವನು ಹೇಳಿದ್ದು ಖರೆ. ನಲವತ್ತು ಮನೆಯವರ ಬದುಕಿನ ಮಾತು ಆಡುವುದಕ್ಕೆ ನನ್ನನ್ನು ಕಳಿಸಿದ್ದರು. ನನ್ನ ನಾಚಿಕೆ ಹೇಳಿಕೊಳ್ಳುವುದಕ್ಕೆ ಅವರೆಲ್ಲರ ಹೊತ್ತನ್ನು ತಿಂದುಬಂದೆ. ಅಂದು ದೋಣಿ ಬಿಚ್ಚದೆ ಆ ದಂಡೆಯವರಿಗೆ ಎರಡು ಬಗೆದೆ, ಈಗ ಬಾಯಿ ಬಿಚ್ಚಿ ಈ ದಂಡೆಯವರಿಗೂ ಬಗೆದೆ. ಸಂಘದ ಶಿಕ್ಕಾ ಮೊಹರನ್ನು ನೀಲಪ್ಪನ ಕೈಯಲ್ಲಿಟ್ಟು ಬಂದೆ.

ಅವ್ವ ನನ್ನ ಜೊತೆ ಮಾತಾಡುತ್ತಾಳೆ. ನೀನು ಚಿಂತಿಸಬೇಡ.

ನಿನ್ನ ಅಪ್ಪ


ಕೆಂಚನಗುಡ್ಡ
೧೭ ನವೆಂಬರ್ ೨೦೨೪

ಅಪ್ಪಾ,

ಈ ಪತ್ರವನ್ನು ಎರಡು ಸಲ ಬರೆದು ಹರಿದೆ.

ಮೊನ್ನೆ ನೀಲಪ್ಪ ತನ್ನ ಮಗಳನ್ನು ಕರೆದುಕೊಂಡು ಬಂದಿದ್ದ, ಜ್ವರ ಅಂತ. ಔಷಧ ಕೊಟ್ಟು ಕಳಿಸುವಾಗ ಬಾಗಿಲಲ್ಲಿ ನಿಂತು, ಹೇಳಲೋ ಬೇಡವೋ ಎನ್ನುತ್ತ ಹೇಳಿದ. "ಸಭಾದಾಗ ನಿಮ್ಮ ವರದಿ ಓದಿದ್ರಲ್ಲ ಅಕ್ಕಾರ, ನಾ ನಿಮ್ಮಪ್ಪನ ಕಿವ್ಯಾಗ ಹೇಳಿದ್ನಿ, ಆಂಬುಲೆನ್ಸ್ ಕೆಟ್ಟಿದ್ದ ಸುದ್ದಿ ಇದರಾಗ ಇಲ್ಲ, ಅದನ್ನಾರ ಹೇಳ್ರಿ, ತಪ್ಪ ಬರೇ ನಮ್ಮದಲ್ಲ ಅಂತ ಗೊತ್ತಾಗಲಿ ಅಂತ. ಆ ಸುದ್ದಿ ನನಗ ಗೊತ್ತಿಲ್ಲ ಅಂದ್ರು."

ನಿನಗೆ ಗೊತ್ತಿಲ್ಲವೇ? ನಾನೇ ನಿನಗೆ ಫೋನಿನಲ್ಲಿ ಹೇಳಿದ್ದೆ. ಪತ್ರದಲ್ಲಿಯೂ ಬರೆದಿದ್ದೆ.

ನಾನು ಮೊದಲು ಬರೆದ ವರದಿಯಲ್ಲಿ ಆ ಸಾಲಿತ್ತು, ಅಪ್ಪಾ. ಗಾಡಿ ಕೆಟ್ಟು ತಿಂಗಳಾಗಿದೆ, ಎರಡು ಸಲ ತಿಳಿಸಿದರೂ ದುರಸ್ತಿಯಾಗಿಲ್ಲ ಎಂದು ಬರೆದಿದ್ದೆ. ಡಾಕ್ಟರ್ ಸಾಹೇಬರು ಅಲ್ಲಿ ಬೆರಳಿಟ್ಟು, ಕೇಳಿರುವುದು ದೋಣಿಯ ವಿಷಯ, ವಾಹನದ ಮಾತು ಇಲ್ಲಿ ಯಾಕೆ ಎಂದರು. ನನ್ನ ನೌಕರಿ ಖಾಯಂ ಮಾಡುವ ಕಾಗದ ಅವರ ಮೇಜಿನ ಮೇಲಿತ್ತು. ಅವರು ಅದನ್ನು ಮುಟ್ಟಲೂ ಇಲ್ಲ, ಅದರ ಮಾತು ಎತ್ತಲೂ ಇಲ್ಲ. ನಾನೇ ಅದರ ಕಡೆ ನೋಡಿದೆ. ನೋಡಿ, ಆ ಸಾಲನ್ನು ತೆಗೆದೆ.

ಕತ್ತಲಾಗಿತ್ತೆಂದು ಬರೆ ಅಂದ ನಿನಗೂ, ಒಂದು ಸಾಲು ತೆಗೆ ಅಂದ ಅವರಿಗೂ ಏನು ಫರಕು? ನಿನಗೆ ಉಗುಳಿದ ಹಾಗೆ ಬರೆದೆ. ಅವರಿಗೆ ಹೂಂ ಸರ್ ಅಂದೆ. ಅಷ್ಟೇ ಅಲ್ಲ, ಸುಳ್ಳು ಒಂದೂ ಇಲ್ಲವೆಂದು ನಿನಗೆ ಬರೆದೆ. ಸಭೆಯಲ್ಲಿ ತಪ್ಪೆಲ್ಲ ಇಡೀ ತಳಗೇರಿಯ ಕುತ್ತಿಗೆಗೆ ಬಿತ್ತು, ನೀನು ನನ್ನ ನೌಕರಿ ಉಳಿಯಲೆಂದು ಬಾಯಿ ಮುಚ್ಚಿಕೊಂಡು ಕೂತೆ. ಸಂಘವನ್ನೂ ಕಳೆದುಕೊಂಡೆ. ಪತ್ರ ಬರೆದಾಗ ನನಗೆ ಅದರ ಒಂದು ಅಕ್ಷರವನ್ನೂ ತಿಳಿಸಲಿಲ್ಲ.

ನಿನ್ನೆ ಸಭೆಯ ಸಾಹೇಬರಿಗೂ ಜಿಲ್ಲಾ ಕಚೇರಿಗೂ ಆ ಸಾಲು ಸೇರಿಸಿ ಇನ್ನೊಂದು ಪತ್ರ ಕಳಿಸಿದೆ. ಮೊದಲು ಯಾಕೆ ಬರೆದಿರಲಿಲ್ಲವೆಂಬುದನ್ನೂ ಬರೆದೆ. ಡಾಕ್ಟರ್ ಸಾಹೇಬರ ಮೇಜಿನ ಮೇಲೆ ಒಂದು ಪ್ರತಿ ಇಟ್ಟು ಬಂದೆ. ಅವರು ಓದಿ, "ಆಯ್ತು" ಅಂದರು.

ನಿನಗೆ ಫೋನು ಮಾಡಬೇಕೆನ್ನಿಸಿತು. ಈಗ ನನಗೇ ಮುಖವಿಲ್ಲ.

ಸುರೇಖಾ


ತಳಗೇರಿ
೨೮ ನವೆಂಬರ್ ೨೦೨೪

ಸುರೇಖಾ,

ಯಾಕೆ ಕಳಿಸಿದೆ ಎಂದು ಮೊದಲು ಸಿಟ್ಟು ಬಂತು. ನಿನ್ನನ್ನು ಓದಿಸಲು ಅವ್ವ ಏನೇನು ಮಾಡಿದಳೆಂದು ನಿನಗೆ ಗೊತ್ತು. ಈಗ ಸಿಟ್ಟಿಲ್ಲ.

ಆದರೆ ನೀನು ಒಂದು ತಪ್ಪು ತಿಳಿದುಕೊಂಡಿದ್ದೀ, ಅದನ್ನು ಹಾಗೆಯೇ ಬಿಡಬಾರದು. ನಿನ್ನ ನೌಕರಿಗಾಗಿ ನಾನು ಸುಮ್ಮನಿದ್ದೆ ಎಂದು ಬರೆದಿದ್ದೀ. ಅದೂ ಇತ್ತು, ಇಲ್ಲವೆನ್ನುವುದಿಲ್ಲ. ಆದರೆ ನೀಲಪ್ಪ ಕಿವಿಯಲ್ಲಿ ಹೇಳಿದಾಗ ನನಗೆ ಮೊದಲು ಹೊಳೆದದ್ದು ಬೇರೆ. ಗಾಡಿ ಕೆಟ್ಟಿತ್ತೆಂದರೆ ತಪ್ಪು ಹಂಚಿಹೋಗುತ್ತದೆಂದು ಅವನು ತಿಳಿದಿದ್ದ. ನನ್ನ ಪಾಲಿಗೆ ಹಾಗಲ್ಲ. ಗಾಡಿ ಇದೆಯೆಂದು ತಿಳಿದು ನಾನು ದೋಣಿ ಬಿಚ್ಚದೆ ಇದ್ದಿದ್ದರೆ ಅದೊಂದು ಮಾತು. ಗಾಡಿ ಇಲ್ಲವೆಂದು ನೀನು ನನ್ನ ಕಿವಿಯಲ್ಲಿ ಹೇಳಿದ್ದೆ. ದೋಣಿಯೊಂದೇ ದಾರಿ ಎಂದು ತಿಳಿದೂ ನಾನು ನಿಂತೆ. ಆ ಸಾಲು ಓದಿದರೆ ಅಲ್ಲಿದ್ದವರಿಗೆಲ್ಲ ಅದು ಗೊತ್ತಾಗುತ್ತಿತ್ತು. ಎದ್ದು ನಿಂತು ಎಲ್ಲವನ್ನೂ ಹೇಳಿದೆ ಎಂದುಕೊಂಡೆ, ಅದೊಂದನ್ನು ಹೇಳಲಿಲ್ಲ. ಗೊತ್ತಿಲ್ಲ ಅಂದೆ.

ಅದಕ್ಕೇ ನನ್ನನ್ನು ದೊಡ್ಡವನನ್ನಾಗಿ ಮಾಡಬೇಡ. ನೀನು ತಿದ್ದಿ ಕಳಿಸಿದೆ. ನಾನು ಇನ್ನೂ ತಿದ್ದಿಲ್ಲ. ನಾಳೆ ನೀಲಪ್ಪನಿಗೆ ಹೇಳುತ್ತೇನೆ.

ಅಪ್ಪ


ಕೆಂಚನಗುಡ್ಡ
೨೩ ಡಿಸೆಂಬರ್ ೨೦೨೪

ಅಪ್ಪಾ,

ವರ್ಗದ ಆದೇಶ ಬಂದಿದೆ. ಬಾದಾಮಿ ತಾಲ್ಲೂಕು, ಪಟ್ಟದಕಲ್ಲಿನ ಹತ್ತಿರದ ಒಂದು ಊರು. ಖಾಯಂ ಆಗುವ ಕಾಗದ ಬರಲಿಲ್ಲ. ಯಾರೂ ಬೈದು ಕಳಿಸಿಲ್ಲ, ಸಿಬ್ಬಂದಿಯ ಅವಶ್ಯಕತೆ ಎಂದು ಬರೆದಿದ್ದಾರೆ. ಹೊಸ ಆಂಬುಲೆನ್ಸು ಮಾತ್ರ ಬಂದು ನಿಂತಿದೆ. ಊರಿನವರು ಅದಕ್ಕೆ ಪೂಜೆ ಮಾಡಿದರು. ನನ್ನನ್ನೂ ಕರೆದಿದ್ದರು, ಹಿಂದೆ ನಿಂತಿದ್ದೆ.

ಹೋಗುವ ಮೊದಲು ಖುಶನುಮಾಳ ಮನೆಗೆ ಹೋಗಿ ವರದಿಯ ಸಂಗತಿಯನ್ನು ಹೇಳಿದೆ. ಅವಳು ಬಟ್ಟೆ ಮಡಚುತ್ತಿದ್ದಳು. ಕೇಳಿಸಿಕೊಂಡು, "ಗಾಡಿ ಇಲ್ಲಂತ ನಮಗ ಗೊತ್ತ ಇತ್ತಲ್ರಿ ಸಿಸ್ಟರ್" ಅಂದಳು. ಮಡಚುತ್ತಲೇ ಇದ್ದಳು. ಯಾರಿಗೆ ಗೊತ್ತಾಗಬೇಕೆಂದು ನಾವು ಇಷ್ಟೆಲ್ಲ ಒದ್ದಾಡಿದೆವೋ, ಅವಳಿಗೆ ಅದೆಲ್ಲ ಮೊದಲೇ ಗೊತ್ತಿತ್ತು.

ರವಿವಾರ ಸಾಮಾನು ಸಾಗಿಸಬೇಕು. ರಸ್ತೆಯಿಂದ ಟಂಟಂ ತರಿಸಬಹುದು. ನೀನು ದೋಣಿ ತರುತ್ತೀಯಾ?

ಸುರೇಖಾ


ತಳಗೇರಿ
೧೧ ಜನವರಿ ೨೦೨೫

ಚಿರಂಜೀವಿ ಸುರೇಖಾ,

ಹೊಸ ಊರು ಹೊಂದಿಕೆಯಾಯಿತೇ? ಅಲ್ಲಿ ನೀರು ಚಲೋ ಇದೆಯೇ? ಅವ್ವ ಸಂಕ್ರಾಂತಿಗೆ ಎಳ್ಳು ಹಚ್ಚಿದ ರೊಟ್ಟಿ ಕಟ್ಟಿಕೊಂಡು ಬಾದಾಮಿ ಬಸ್ಸಿಗೆ ಬರುತ್ತಾಳಂತೆ.

ಆ ರವಿವಾರ ನಿನ್ನನ್ನು ಎದುರಿಗೆ ಕೂರಿಸಿಕೊಂಡು ಹುಟ್ಟು ಹಾಕುವಾಗ ಏನಾದರೂ ಮಾತಾಡಬೇಕೆಂದಿದ್ದೆ. ನೀನೂ ಹಾಗೆಯೇ ಅಂದುಕೊಂಡಿದ್ದೆಯೇನೋ. ನಡುನೀರಿಗೆ ಬಂದಾಗ ನೀನು ಕೆಂಚನಗುಡ್ಡದ ದಂಡೆಯನ್ನು ತಿರುಗಿ ನೋಡುತ್ತಿದ್ದೆ. ಇಲ್ಲಿಂದ ನೋಡಿದರೆ ಎಲ್ಲ ಕಾಣುತ್ತದಲ್ಲ ಅಪ್ಪಾ ಅಂದೆ. ನಾನು ಹೂಂ ಅಂದೆ.

ಮಸೂದೆಯನ್ನು ಮತ್ತೆ ಪರಿಶೀಲನೆಗೆ ಕಳಿಸಿದ್ದಾರೆಂದು ನೀಲಪ್ಪ ಸುದ್ದಿ ತಂದ. ಕಟ್ಟಿಗೆ ದೋಣಿಗೆ ಸದ್ಯ ಅಡ್ಡಿಯಿಲ್ಲವಂತೆ, ಕೂತವರಿಗೆಲ್ಲ ತೇಲುವ ಜಾಕೀಟು ಇರಬೇಕಂತೆ. ನಿನ್ನ ಎರಡನೆಯ ಪತ್ರ ಓದಿದ ಮೇಲೆ, ಗಾಡಿಯೂ ಇಲ್ಲದ, ಹತ್ತಿರ ಸೇತುವೆಯೂ ಇಲ್ಲದ ದಂಡೆಗೆ ದೋಣಿಯನ್ನೂ ನಿಲ್ಲಿಸಿದರೆ ಹೇಗೆ ಎಂದು ಯಾರೋ ಕೇಳಿದರಂತೆ. ಖರೆಯೋ ಸುಳ್ಳೋ ಗೊತ್ತಿಲ್ಲ. ನಾನು ಬೇಡಿದ ಕಲಮನ್ನು ಯಾರೂ ಹಾಕಲಿಲ್ಲ. ಆದರೆ ಸಂಘದ ಸಭೆಯಲ್ಲಿ ನೀಲಪ್ಪ ಒಂದು ಠರಾವು ಮಾಡಿಸಿದ. ಇನ್ನು ಮೇಲೆ ಯಾವ ಬಂದ್ ಆದರೂ ಒಂದು ದೋಣಿ ಬಿಚ್ಚಿಯೇ ಇರಬೇಕು. ನನ್ನ ಹೆಸರು ಎತ್ತಲಿಲ್ಲ. ಆಂಬುಲೆನ್ಸಿನ ಸಂಗತಿ ನನಗೆ ಮೊದಲೇ ಗೊತ್ತಿತ್ತೆಂದು ನಾನು ಅವನಿಗೆ ಹೇಳಿದ್ದೆ. ಅದನ್ನೂ ಎತ್ತಲಿಲ್ಲ. ಅವನ ಸೋದರಮಾವನ ಮಣ್ಣಿನ ದಿನ ಹಗ್ಗ ಕಸಿದ ನನಗೆ ಅವನು ಇಷ್ಟು ಮಾಡಬೇಕಾಗಿರಲಿಲ್ಲ.

ನಿನ್ನೆ ಕೆಂಚನಗುಡ್ಡದಿಂದ ಜನ ಹತ್ತಿಸಿಕೊಳ್ಳುತ್ತಿದ್ದೆ. ದಾವಲಸಾಬ ಬಂದ, ಅವನ ಹಿಂದೆ ಖುಶನುಮಾ. ನವನಗರದ ದವಾಖಾನೆಗೆ ತೋರಿಸಿಕೊಂಡು ಬರಬೇಕಂತೆ. ನನ್ನ ಹಿಂದೆಯೇ ಇನ್ನೊಂದು ದೋಣಿಯೂ ಇತ್ತು. ಅವಳು ಅದರ ಕಡೆ ಒಮ್ಮೆ ನೋಡಿದಳು. ಆಮೇಲೆ ನನ್ನದರಲ್ಲೇ ಹತ್ತಿದಳು. ಮುಂದಿನ ತುದಿಯಲ್ಲಿ, ನನ್ನ ಕಡೆ ಬೆನ್ನು ಮಾಡಿ ಕೂತಳು. ನಾನು ಎಂದಿಗಿಂತ ಮೆಲ್ಲಗೆ ಹುಟ್ಟು ಹಾಕಿದೆ. ಒಂದು ಹನಿ ನೀರೂ ಅವಳ ಮೇಲೆ ಸಿಡಿಯಬಾರದೆಂದು ನೋಡಿಕೊಂಡೆ. ಆಮೇಲೆ, ಅಷ್ಟಕ್ಕೇ ಸಮಾಧಾನಪಡುತ್ತಿದ್ದೇನಲ್ಲ ಎಂದು ನನಗೇ ಹೇಸಿಕೆಯಾಯಿತು.

ತಳಗೇರಿ ದಂಡೆ ಬಂತು. ನಿನಗೆ ಗೊತ್ತು, ಇಳಿಯುವ ಕಡೆ ರಾಡಿ ಇರುತ್ತದೆ, ಕಾಲು ಜಾರುತ್ತದೆ. ಹೆಣ್ಣುಮಕ್ಕಳು, ಮುದುಕರು ಎಲ್ಲರೂ ನನ್ನ ಕೈ ಹಿಡಿದೇ ಇಳಿಯುತ್ತಾರೆ. ನಾನು ಮೊಣಕಾಲಮಟ ನೀರಿನಲ್ಲಿ ನಿಂತು ಕೈ ಚಾಚಿದೆ. ಖುಶನುಮಾ ಆ ಕೈಯನ್ನು ನೋಡಿದಳು. ಸಿಟ್ಟೇನೂ ಇರಲಿಲ್ಲ ಅವಳ ಮುಖದಲ್ಲಿ. ದೋಣಿಯ ಅಂಚು ಹಿಡಿದುಕೊಂಡು, ಸೀರೆ ತೊಯ್ಯಿಸಿಕೊಂಡು, ತಾನೇ ಇಳಿದು ದಂಡೆ ಏರಿ ಹೋದಳು.

ಅವಳ ಹಿಂದೆ ಇಳಿಯುವವರು ಇನ್ನೂ ಇದ್ದರು. ಕೈ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

ನಿನ್ನ ಅಪ್ಪ,
ಹೊಳಬಸಪ್ಪ